ಬಂದ್ ಬಿಟ್ಟ ದಿನ

ಅಂಕೋಲಾ
೪ ಆಗಸ್ಟ್ ೨೦೨೫

ಉದಯ,

"ಹೊಳೆ ಮುಗಿಯುವುದೆಲ್ಲಿ, ಕಡಲು ಶುರುವಾಗುವುದೆಲ್ಲಿ..." ಹೀಗೊಂದು ಸಾಲು ನಾಲ್ಕು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ. ಮುಂದಿನ ಅರ್ಧ ನೆನಪಾಗುತ್ತಿಲ್ಲ. ಎಲ್ಲಿ ಓದಿದ್ದೋ, ಯಾರಾದರೂ ಹೇಳಿದ್ದೋ, ಅದೂ ಗೊತ್ತಿಲ್ಲ. ಒಂದು ಕಾಲಕ್ಕೆ ತುಂಬ ಇಷ್ಟವಾಗಿದ್ದ ಸಾಲು. ಈಗ ಅದರ ಮೇಲೆ ಅನುಮಾನ. ಗೊತ್ತಿಲ್ಲ ಎನ್ನುವುದನ್ನೇ ಅದು ದೊಡ್ಡ ಮಾತಾಗಿ ಹೇಳಿಕೊಳ್ಳುತ್ತಿದೆಯೇನೋ. ಕವಿತೆಗೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ನ್ಯಾಯಾಲಯಕ್ಕೆ ನಡೆಯುವುದಿಲ್ಲ, ಅದಕ್ಕೊಂದು ತಾರೀಕು ಬೇಕು.

ನಾನು ಮಂದಾಕಿನಿ ಅಕ್ಕೋರು. ಒಂದರಿಂದ ಮೂರನೇ ತರಗತಿಯವರೆಗೆ ನಿನಗೆ ಕಲಿಸಿದವಳು. ನನಗೆ ವರ್ಗವಾಗಿ ಎಷ್ಟೋ ವರ್ಷದ ಮೇಲೆ ನೀನು ಇಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, ಹತ್ತನೇ ತರಗತಿ ಪಾಸಾದೆ ಎಂದಿದ್ದೆ. ಮೀಸೆ ಚಿಗುರುತ್ತಿತ್ತು. ನಾನು ನಕ್ಕದ್ದಕ್ಕೆ ನೀನು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದೆ.

ಜುಲೈ ಹನ್ನೆರಡರ ಸುದ್ದಿ ಪೇಪರಿನಲ್ಲಿ ಓದಿದೆ. ಹಾರವಾಡದ ಹತ್ತಿರ ಹೆದ್ದಾರಿ, ರಾಂಗ್ ಸೈಡಿನಲ್ಲಿ ಬಂದ ಸ್ಕೂಟರ್, ಬೆಳಿಗ್ಗೆ ಹಾಲಿಗೆ ಹೊರಟಿದ್ದ ಮುದುಕ. ಓಡಿಸಿದವನು ನಮ್ಮ ಉದಯ ಎಂದು ಮನಸ್ಸಿಗೆ ಇಳಿಯಲು ಹೊತ್ತು ಹಿಡಿಯಿತು. ಸತ್ತ ಮಾಬ್ಲ ನಿಮ್ಮ ಪಕ್ಕದ ಮನೆಯವರು ಎಂಬುದು ಪೇಪರಿನಲ್ಲಿ ಇರಲಿಲ್ಲ. ಆಮೇಲೆ ತಿಳಿಯಿತು.

ಕಾನೂನು ನೆರವಿನಿಂದ ನಿನಗೆ ಕೊಟ್ಟಿರುವ ವಕೀಲರು ಸುಜಯ ನನಗೆ ಪರಿಚಯ. ಲೈಸೆನ್ಸ್ ಇಲ್ಲದೆ, ರಾಂಗ್ ಸೈಡಿನಲ್ಲಿ, ಸಾವು ಆಗಬಹುದೆಂದು ಗೊತ್ತಿದ್ದೂ ಓಡಿಸಿದ್ದಾನೆ ಎಂದು ಪೊಲೀಸರು ದೊಡ್ಡ ಕಲಮು ಹಾಕಿದ್ದಾರಂತೆ. ಹತ್ತು ವರ್ಷದವರೆಗೂ ಶಿಕ್ಷೆ ಆಗಬಹುದು. ನಿನ್ನ ಅಂಕಪಟ್ಟಿಯಲ್ಲಿ ಜನ್ಮದಿನ ೨೦೦೭ರ ಜೂನ್ ಒಂದು. ಅಂದರೆ ಆ ಬೆಳಿಗ್ಗೆ ನಿನಗೆ ಹದಿನೆಂಟು ತುಂಬಿ ನಲವತ್ತೊಂದು ದಿನ. ತುಂಬಿರದಿದ್ದರೆ ನೀನು ಆ ಜೈಲಿನಲ್ಲಿ ಇರುತ್ತಿರಲಿಲ್ಲ, ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತಿದ್ದೆ. ಅಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಇಡುವ ಪ್ರಕರಣವಲ್ಲ ಇದು ಎನ್ನುತ್ತಾರೆ ಸುಜಯ.

ಒಂದೇ ಒಂದು ಕೇಳುತ್ತೇನೆ. ನೀನು ಹುಟ್ಟಿದ ದಿನದ ಬಗ್ಗೆ ಹೆತ್ತ ಆಯಿ ಯಾವತ್ತಾದರೂ ಏನಾದರೂ ಹೇಳಿದ್ದಾಳೆಯೇ? ಸ್ಟಾಂಪು ಹಚ್ಚಿದ ಲಕೋಟೆ ಒಳಗಿಟ್ಟಿದ್ದೇನೆ. ಅಕ್ಷರ ತಪ್ಪಾದರೂ ಚಿಂತೆಯಿಲ್ಲ, ಬರೆ.

ಮಂದಾಕಿನಿ


ಕಾರವಾರ ಜೈಲು
೧೩ ಆಗಸ್ಟ್ ೨೦೨೫

ಅಕ್ಕೋರಿಗೆ ಉದಯ ಮಾಡುವ ನಮಸ್ಕಾರ.

ಕಾಗದ ಮುಟ್ಟಿತು. ಇಲ್ಲಿ ಒಡೆದು ಓದಿಯೇ ಕೊಡುತ್ತಾರೆ. ನಾನು ಬರೆದದ್ದನ್ನೂ ಓದುತ್ತಾರೆ.

ನನಗೆ ಹದಿನೆಂಟು ಆಗಿದೆ. ಅಂಕಪಟ್ಟಿಯಲ್ಲಿ ಇದ್ದದ್ದೇ ಸರಿ. ಆಯಿಯನ್ನು ಏನೂ ಕೇಳಬೇಡಿ. ಅವಳಿಗೆ ತಾರೀಕು ತಿಳಿಯುವುದಿಲ್ಲ, ಸುಮ್ಮನೆ ಗಾಬರಿ ಆಗುತ್ತಾಳೆ.

ಮಾಬ್ಲಜ್ಜನ ಕೈಯಲ್ಲಿ ಹಾಲಿನ ತಂಬಿಗೆ ಇತ್ತು. ಬಿದ್ದ ಮೇಲೂ ಬಿಟ್ಟಿರಲಿಲ್ಲ. ಖಾಲಿ ಇತ್ತು, ಅಜ್ಜ ಇನ್ನೂ ಹೋಗುವುದರಲ್ಲಿದ್ದ. ಎಲ್ಲರೂ ಅದನ್ನು ಬಿಟ್ಟು ಬೇರೆ ಎಲ್ಲಾ ಕೇಳುತ್ತಾರೆ, ಅದಕ್ಕೆ ಬರೆದೆ.

ನೀವು ಬರೆದ ಸಾಲು ನಮ್ಮ ಕ್ಲಾಸಿನ ಗೋಡೆಯ ಮೇಲೆ ಇತ್ತು. ನೀರಿನ ಕೊಡ ಇಡುವ ಮೂಲೆಯಲ್ಲಿ ನೀವೇ ನೀಲಿ ಬಣ್ಣದಲ್ಲಿ ಬರೆದದ್ದು. ಮಳೆಗೆ ಗೋಡೆ ಒಸರಿ ಮುಂದಿನ ಅರ್ಧ ಹೋಯಿತು. ನನಗೂ ನೆನಪಿಲ್ಲ. ಆದರೆ ಅಕ್ಕೋರೇ, ಹೊಳೆ ಎಲ್ಲಿ ಮುಗಿಯುತ್ತದೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬಲೆ ಬದಲು ಮಾಡುವ ಜಾಗ ಇದೆ. ಅಲ್ಲಿ ದೋಣಿ ನಿಲ್ಲಿಸಿ ಒಂದು ಬೊಗಸೆ ನೀರು ಬಾಯಿಗೆ ಹಾಕಿ ನೋಡುತ್ತಾರೆ.

ಇಲ್ಲಿಂದ ಕಡಲು ಕಾಣುವುದಿಲ್ಲ. ಈ ತಿಂಗಳು ಶುರುವಾದ ಮೇಲೆ ಒಂದು ದಿನ ಗಾಳಿಯಲ್ಲಿ ಡೀಸೆಲ್ ವಾಸನೆ ಬಂತು. ಬೋಟುಗಳು ಇಳಿದವು ಎಂದು ಗೊತ್ತಾಯಿತು. ಆ ದಿನ ನಾನು ಊಟ ಮಾಡಲಿಲ್ಲ. ಸುಮ್ಮನೆ.

ತಂಗಿ ಗಾಯತ್ರಿಗೆ ಎಂಟನೇ ತರಗತಿಯ ಗಣಿತ ಕಷ್ಟವಾಗುತ್ತದೆ. ನಿಮಗೆ ಸಾಧ್ಯವಾದರೆ ನೋಡಿ.

ಉದಯ


ಅಂಕೋಲಾ
೨೨ ಆಗಸ್ಟ್ ೨೦೨೫

ಉದಯ,

ನೀನು ಬೇಡ ಎಂದದ್ದನ್ನೇ ಮಾಡಿದೆ. ಕಳೆದ ಭಾನುವಾರ ಹಾರವಾಡಕ್ಕೆ ಹೋಗಿ ನಿನ್ನ ಆಯಿ ದುರ್ಗಿಯನ್ನು ಕಂಡೆ. ಗಾಯತ್ರಿಯ ಗಣಿತವನ್ನೂ ನೋಡಿದೆ. ಅವಳಿಗೆ ಗಣಿತ ಕಷ್ಟವಲ್ಲ, ಕುಳಿತುಕೊಳ್ಳುವುದು ಕಷ್ಟ.

ದುರ್ಗಿ ಒಣಮೀನು ಹರಡಿಕೊಂಡು, ಮೋಡ ನೋಡುತ್ತ ಕುಳಿತಿದ್ದಳು. ಉದಯ ಹುಟ್ಟಿದ್ದು ಯಾವಾಗ ಎಂದೆ. ಒಂದು ನಿಮಿಷವೂ ಯೋಚಿಸಲಿಲ್ಲ.

"ಬಂದ್ ಬಿಟ್ಟಾಗ ಅಕ್ಕೋರೇ. ಎಲ್ಲಾ ಬೋಟ್ ಇಳ್ಸುಕೆ ಹೋಗಿದ್ರು. ಕೇರೀಲಿ ಒಂದ್ ಗಂಡ್ಸೂ ಇರ್ಲಿಲ್ಲ."

ನಾನು ಇನ್ನೊಮ್ಮೆ ಹೇಳಿಸಿದೆ. ಮೂರನೇ ಸಲ ಕೇಳಿದಾಗ ಅವಳು ನನಗೆ ಕಿವಿ ಮಂದವಾಯಿತೇ ಎಂಬಂತೆ ನೋಡಿದಳು.

ಈಗ ನಿನಗೆ ಹೇಳದೇ ಇದ್ದದ್ದನ್ನು ಹೇಳುತ್ತೇನೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಿನ್ನ ಹೆಸರಿನ ಮುಂದೆ ಜೂನ್ ಒಂದು ಎಂದು ಬರೆದವಳು ನಾನು. ಹತ್ತನೆಯ ಅಂಕಪಟ್ಟಿಯವರೆಗೂ ಅದೇ ಹರಿದುಹೋಯಿತು. ಮೊದಲ ಕಾಗದ ಬರೆಯುವಾಗಲೇ ನನಗೆ ಇದು ಗೊತ್ತಿತ್ತು.

೨೦೧೩ರ ಆ ದಿನ ಚೆನ್ನಾಗಿ ನೆನಪಿದೆ. ಹಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ನಿಮ್ಮ ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ದುರ್ಗಿ ಗಾಯತ್ರಿಯನ್ನು ಸೊಂಟದ ಮೇಲೆ ಇಟ್ಟುಕೊಂಡು, ನಿನ್ನ ಕೈ ಹಿಡಿದು, ಮೀನಿನ ಬುಟ್ಟಿಯನ್ನು ಬಾಗಿಲ ಹೊರಗೆ ಬಿಟ್ಟು ನಿಂತಿದ್ದಳು. ಹುಟ್ಟಿದ್ದು ಮನೆಯಲ್ಲಿ, ಪಂಚಾಯಿತಿಯಲ್ಲಿ ಬರೆಸಿರಲಿಲ್ಲ. ಯಾವಾಗ ಎಂದೆ. ನನ್ನ ಕಿವಿಗೆ ಬಿದ್ದದ್ದು "ಬಂದ್ ಬಿದ್ದಾಗ". ಜೂನ್ ಮೊದಲಿಗೆ, ಮಳೆಗಾಲಕ್ಕೆಂದು ಬೋಟು ಮೇಲೆ ಎಳೆದು ಮೀನುಗಾರಿಕೆ ನಿಲ್ಲಿಸುವ ದಿನ. ಅವಳು ಹೇಳಿದ್ದು ಬಂದ್ ಬಿಟ್ಟಾಗ, ಆಗಸ್ಟ್ ಮೊದಲಿಗೆ ಮತ್ತೆ ಬೋಟು ನೀರಿಗೆ ಇಳಿಯುವ ದಿನ. ಒಂದು ಒತ್ತಕ್ಷರದ ವ್ಯತ್ಯಾಸ. ಅದರೊಳಗೆ ಒಂದು ಇಡೀ ಮಳೆಗಾಲ.

ತಪ್ಪು ಕೇಳಿದೆ ಎಂದರೆ ಪೂರ್ತಿ ನಿಜ ಆಗುವುದಿಲ್ಲ. ಆಗಸ್ಟ್ ಎಂದು ಬರೆದಿದ್ದರೆ ನಿನಗೆ ಒಂದನೇ ತರಗತಿಗೆ ವಯಸ್ಸು ಸಾಲುತ್ತಿರಲಿಲ್ಲ. ಇನ್ನೊಂದು ವರ್ಷ ನೀನು ದುರ್ಗಿಯ ಬುಟ್ಟಿಯ ಹಿಂದೆ ಊರೂರು ಸುತ್ತಬೇಕಿತ್ತು. ನನ್ನ ಕಿವಿಗೆ ಅದು ಗೊತ್ತಿತ್ತೇನೋ. ತನಗೆ ಅನುಕೂಲವಾದದ್ದನ್ನೇ ಕೇಳಿಸಿಕೊಂಡಿತೇನೋ. ಆ ವರ್ಷ ನನ್ನ ಪುಸ್ತಕದಲ್ಲಿ ಏಳು ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದರು. ಆಗ ಅದು ದಯೆ ಎಂದುಕೊಂಡಿದ್ದೆ.

ಸುಜಯ ಅರ್ಜಿ ಹಾಕಿದ್ದಾರೆ. ಸೆಪ್ಟೆಂಬರ್ ಹದಿನೆಂಟಕ್ಕೆ ವಿಚಾರಣೆ. ಆ ತಾರೀಕಿಗೆ ಆಧಾರವಿರಲಿಲ್ಲ ಎಂದು ನಾನೇ ನಿಂತು ಹೇಳುತ್ತೇನೆ. ನೀನು ದೊಡ್ಡ ಗಂಡಸರ ನಡುವೆ ಮಲಗುವುದು ತಪ್ಪುತ್ತದೆ.

ದುರ್ಗಿಗೆ ಇದನ್ನೆಲ್ಲ ವಿವರಿಸಿದಾಗ ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆಯ ಖಾಲಿ ಮೊಳೆಯನ್ನೇ ನೋಡುತ್ತ, ಹಾಗೆ ಬರೆದರೆ ಉದಯನಿಗೆ ಒಳ್ಳೆಯದಾಗುತ್ತದೆಯೇ ಎಂದು ಮಾತ್ರ ಕೇಳಿದಳು. ಹೌದು ಎಂದೆ. ಅವಳಿಗೆ ಪೂರ್ತಿ ತಿಳಿಯಲಿಲ್ಲವೇನೋ.

ಮಂದಾಕಿನಿ


ಅಂಕೋಲಾ
೫ ಸೆಪ್ಟೆಂಬರ್ ೨೦೨೫

ಉದಯ,

ಎರಡು ವಾರವಾಯಿತು, ನಿನ್ನ ಉತ್ತರವಿಲ್ಲ. ಇವತ್ತು ಶಿಕ್ಷಕರ ದಿನ. ಮಕ್ಕಳು ಮೇಜಿನ ತುಂಬ ದಾಸವಾಳ ಇಟ್ಟಿದ್ದಾರೆ. ಅದರ ಮಧ್ಯೆ ಕುಳಿತು ಇದನ್ನು ಬರೆಯುತ್ತಿದ್ದೇನೆ.

ನಿನಗೆ ನನ್ನ ಮೇಲೆ ಸಿಟ್ಟು ಬಂದಿರಬೇಕು. ಬರಲಿ. ನಮ್ಮ ಅಪ್ಪನಿಗೆ ಕಾಗದದ ಮೇಲೆ ಇಂಥದೇ ಸಿಟ್ಟಿತ್ತು. ಚೆಂಡಿಯಾದಲ್ಲಿ ನಮ್ಮ ಜಾಗ ನೌಕಾನೆಲೆಗೆ ಹೋದಾಗ ಪಟ್ಟಿಯಲ್ಲಿ ಅವರ ಹೆಸರಿನ ಒಂದಕ್ಷರ ತಪ್ಪಿತ್ತು. ಅದನ್ನು ತಿದ್ದಿಸುವುದಕ್ಕಿಂತ ತಾನೇ ತಿದ್ದಿಕೊಳ್ಳುವುದು ಸುಲಭ ಎಂದು, ಸಾಯುವವರೆಗೂ ಆ ತಪ್ಪು ಹೆಸರಿಗೇ ಸಹಿ ಮಾಡಿದರು. ಅವರ ಮಗಳಾಗಿ ನಾನು ಏಳು ಮಕ್ಕಳಿಗೆ ಅದನ್ನೇ ಮಾಡಿದೆ.

ಸುಜಯರಿಂದ ಕಾನೂನಿನ ಪುಸ್ತಕ ತಂದು ಓದಿದೆ. ಏಳು ವರ್ಷದ ಒಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. ಏಳರಿಂದ ಹನ್ನೆರಡರವರೆಗೆ, ಮಾಡಿದ್ದರ ಅರ್ಥ ಅದಕ್ಕೆ ತಿಳಿದಿತ್ತೇ ಎಂದು ನೋಡಬೇಕು. ಹದಿನಾರು ಕಳೆದವನ ಅಪರಾಧ ತೀರ ಘೋರವಾಗಿದ್ದರೆ ಅವನ ಮನಸ್ಸು ಎಷ್ಟು ಬೆಳೆದಿದೆ ಎಂದು ಪರೀಕ್ಷಿಸಬಹುದು. ನಿನ್ನದು ಆ ಸಾಲಿನದಲ್ಲ. ಹದಿನೆಂಟಕ್ಕೆ ಬಾಗಿಲು ಮುಚ್ಚುತ್ತದೆ. ಓದುತ್ತ ನೀನು ಬರೆದ ಬೊಗಸೆ ನೀರು ನೆನಪಾಯಿತು. ಕಾನೂನು ಬರೆದವರೂ ಅಲ್ಲಲ್ಲಿ ದೋಣಿ ನಿಲ್ಲಿಸಿ ರುಚಿ ನೋಡಿದ್ದಾರೆ. ಆದರೆ ಬಲೆ ಬದಲಿಸುವ ಜಾಗವೂ ಭರತಕ್ಕೆ ಮೇಲೆ ಬರುತ್ತದೆ, ಇಳಿತಕ್ಕೆ ಕೆಳಗೆ ಹೋಗುತ್ತದೆ. ಅಲ್ಲವೇ?

ಸಿಟ್ಟಾದರೂ ಬರೆ.

ಮಂದಾಕಿನಿ


ಕಾರವಾರ ಜೈಲು
೯ ಸೆಪ್ಟೆಂಬರ್ ೨೦೨೫

ಅಕ್ಕೋರೇ,

ಸಿಟ್ಟಿಲ್ಲ. ಮೂರು ಸಲ ಬರೆದು ಹರಿದೆ.

ನೀವು ಎಲ್ಲಾ ಓದಿದ್ದೀರಿ. ಗಾಡಿ ಯಾರ ಹೆಸರಿನಲ್ಲಿದೆ ಎಂದು ವಕೀಲರನ್ನು ಕೇಳಿದ್ದೀರಾ?

ನನ್ನ ಜೊತೆ ಇಲ್ಲಿ ಒಬ್ಬರು ಲಾರಿ ಡ್ರೈವರ್ ಇದ್ದಾರೆ. ಬಂದ ಎರಡನೇ ದಿನವೇ ಹೇಳಿದರು. ಹದಿನೆಂಟು ಆಗದವನು ಗಾಡಿ ಓಡಿಸಿದರೆ ಗಾಡಿ ಯಾರದ್ದೋ ಅವರ ಮೇಲೆ, ತಂದೆತಾಯಿ ಮೇಲೆ ಕೇಸು. ಮೂರು ವರ್ಷ ಜೈಲು ಆಗಬಹುದು. ಹದಿನೆಂಟು ಆದವನಿಗೆ ಆ ಕಾನೂನು ಇಲ್ಲ. ಆ ದಿನದಿಂದ ನನಗೆ ಹದಿನೆಂಟು.

ನಾನು ಹುಟ್ಟಿದ ದಿನ ನನಗೆ ಮೊದಲಿಂದ ಗೊತ್ತು. ಪ್ರತಿ ವರ್ಷ ಬಂದ್ ಬಿಟ್ಟ ದಿನ ಆಯಿ ಬೋಟಿಗೆ ಒಡೆದ ಕಾಯಿಯಲ್ಲಿ ಅರ್ಧ ತಂದು ಪಾಯಸ ಮಾಡುತ್ತಾಳೆ.

ಕೀ ನಾನೇ ಮೊಳೆಯಿಂದ ತೆಗೆದುಕೊಂಡದ್ದು. ಆಯಿಗೆ ಗೊತ್ತಿರಲಿಲ್ಲ. ಇದನ್ನು ಓದುವವರೂ ಬರೆದುಕೊಳ್ಳಲಿ.

ಅಪ್ಪ ಇಲ್ಲ. ಆಯಿಯೂ ಒಳಗೆ ಬಂದರೆ ಗಾಯತ್ರಿ ಎಲ್ಲಿ ಹೋಗುತ್ತಾಳೆ? ನೀವು ಸುಳ್ಳು ಹೇಳುವುದು ಬೇಡ. ಪುಸ್ತಕದಲ್ಲಿ ಬರೆದದ್ದು ನಾನೇ ಎನ್ನಿ. ಅಷ್ಟು ಸಾಕು. ಒಮ್ಮೆ ನನಗೋಸ್ಕರ ನನ್ನನ್ನು ದೊಡ್ಡವನನ್ನಾಗಿ ಮಾಡಿ ಬರೆದಿರಿ. ಹಾಗೇ ಬಿಡಿ.

ಉದಯ


ಅಂಕೋಲಾ
೧೫ ಸೆಪ್ಟೆಂಬರ್ ೨೦೨೫

ಉದಯ,

ನಿನ್ನ ಕಾಗದ ಓದಿ ಮೊದಲು ಮಾಡಿದ್ದು, ನನ್ನ ಹಿಂದಿನ ಕಾಗದಗಳನ್ನು ನೆನಪಿನಿಂದ ಮತ್ತೆ ಓದಿದ್ದು. ನಾಚಿಕೆಯಾಯಿತು. ನಿನಗೆ ಏನೂ ತಿಳಿದಿಲ್ಲ ಎಂದು ಬರೆಯುತ್ತ ಹೋಗಿದ್ದೇನೆ. ದುರ್ಗಿಗೂ ತಿಳಿದಿಲ್ಲ ಎಂದೆ. ತಿಳಿಯದವಳು ನಾನೊಬ್ಬಳೇ.

ಎರಡು ದಿನ, ನೀನು ಹೇಳಿದ ಹಾಗೇ ಮಾಡೋಣ ಎಂದುಕೊಂಡೆ. ಸುಮ್ಮನಿರುವುದು ಸುಳ್ಳಲ್ಲ ಎಂದು ನನಗೆ ನಾನೇ ಪಾಠ ಮಾಡಿಕೊಂಡೆ. ಆಮೇಲೆ ಹಾರವಾಡಕ್ಕೆ ಹೋದೆ.

ದುರ್ಗಿಗೆ ಎಲ್ಲ ಗೊತ್ತಿತ್ತು. ನಾನು ಮೊದಲ ಸಲ ಹೋದ ಮಾರನೆಯ ದಿನವೇ ಸುಜಯರ ಹತ್ತಿರ ಹೋಗಿ ಕೇಳಿಕೊಂಡು ಬಂದಿದ್ದಳು. ನೀನು ಕೀ ತೆಗೆದುಕೊಂಡದ್ದು ತನಗೆ ತಿಳಿಯದು ಎಂದರೆ ಅವಳು ಉಳಿಯಬಹುದು ಎಂದು ಸುಜಯ ಹೇಳಿದ್ದರು. ಅವಳು ಒಪ್ಪಲಿಲ್ಲ. ಸ್ಟೇಶನ್ನಿಗೂ ಹೋಗಿ ಹೇಳಿ ಬಂದಿದ್ದಾಳೆ, ಅದಕ್ಕೇ ನಾನು ಇಲ್ಲಿ ಬರೆಯಬಹುದು. ಅವಳ ಮಾತನ್ನು ಅವಳು ಹೇಳಿದ ಹಾಗೇ ಇಡುತ್ತೇನೆ.

"ಕೀ ಕೊಟ್ಟದ್ದು ನಾನು. ಮಳೆ ಬತ್ತದೆ, ಒಣಮೀನ್ ನೆನೀತದೆ, ಬೇಗ್ ಹೋಗು ಅಂದದ್ದೂ ನಾನೇ. ಆಚೆ ಬದಿಂದ ಹೋದ್ರೆ ಸುತ್ತಾಗ್ತದೆ, ಈಚೆಂದೇ ನುಗ್ಗು ಅಂದದ್ದೂ ನಾನೇ. ದೊಡ್ಡವ್ರು ಯಾರು ಅಕ್ಕೋರೇ, ಕೀ ಕೊಟ್ಟವ್ರೋ, ತಕಂಡವ್ರೋ?"



ನೀನು ಅವಳನ್ನು ಉಳಿಸಲು ದೊಡ್ಡವನಾದೆ. ಅವಳು ನಿನ್ನನ್ನು ಚಿಕ್ಕವನಾಗಿ ಉಳಿಸಲು ಹೊರಟಿದ್ದಾಳೆ. ನಾನು ನಡುವೆ ಪೆನ್ನು ಹಿಡಿದುಕೊಂಡು ನಿಂತಿದ್ದೇನೆ. ಹನ್ನೆರಡು ವರ್ಷದ ಹಿಂದೆ ಅವಳ ಬಾಯಿಂದ ಬಂದದ್ದನ್ನು ನಾನು ಬದಲಿಸಿದೆ. ಈ ಸಲ ಅವಳು ಹೇಳಿದ್ದನ್ನೇ ಬರೆಯುತ್ತೇನೆ. ಅದಕ್ಕೆ ನೀನು ನನ್ನನ್ನು ಕ್ಷಮಿಸದಿದ್ದರೆ ಅದನ್ನೂ ಹೊರುತ್ತೇನೆ.

ಇನ್ನೊಂದು ಇದೆ. ನನ್ನ ಮಾತಿನಿಂದ ಜೂನ್ ಒಂದು ಬಿದ್ದುಹೋಗುತ್ತದೆ, ಆಗಸ್ಟ್ ನಿಲ್ಲುವುದಿಲ್ಲ. ತಾಯಿ ಹೇಳಿದರೆ ಮಗನಿಗಾಗಿ ಹೇಳಿದಳು ಎನ್ನುತ್ತಾರೆ. ಹೆರಿಗೆಯ ಹೊತ್ತಿಗೆ ಬೇರೆ ಯಾರಿದ್ದರು ಎಂದು ದುರ್ಗಿಯನ್ನು ಕೇಳಿದೆ. ಅವಳು ಪಕ್ಕದ ಮನೆಯ ಕಡೆ ಕೈ ತೋರಿಸಿದಳು.

ಬೊಮ್ಮು. ಮಾಬ್ಲನ ಹೆಂಡತಿ. ನಿನ್ನನ್ನು ಮೊದಲು ಕೈಯಲ್ಲಿ ಎತ್ತಿಕೊಂಡವಳು.

ಹೋಗಬಾರದು ಎನಿಸಿತು. ಹೋದೆ. ಅವಳು ಜಗುಲಿಯಲ್ಲಿ ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಳು. ನಾನು ಯಾರು, ಏಕೆ ಬಂದೆ ಎಲ್ಲ ಹೇಳಿದೆ. ಹದಿನೆಂಟಕ್ಕೆ ಬರುತ್ತೀರಾ ಎಂದೆ. ಅವಳು ಎದ್ದು, ಜಗುಲಿಯ ಮೂಲೆಯಲ್ಲಿ ಬೋರಲು ಹಾಕಿದ್ದ ತಂಬಿಗೆಯನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಅಂಗಳ ಇಳಿದು ಬಂದೆ. ಗಂಡನನ್ನು ಕಳೆದುಕೊಂಡವಳ ಹತ್ತಿರ ಕೇಳಬಾರದ್ದನ್ನು ಕೇಳಿದೆನೇನೋ.

ಮಂದಾಕಿನಿ


ಅಂಕೋಲಾ
೨೪ ಸೆಪ್ಟೆಂಬರ್ ೨೦೨೫

ಉದಯ,

ಈ ಸಲ ಲಕೋಟೆಯ ಮೇಲೆ ಬಾಲಕರ ವೀಕ್ಷಣಾಲಯದ ವಿಳಾಸ ಬರೆದೆ.  ಬಾಲಕ ಎಂಬ ಪದ ನಿನಗೆ ಸಣ್ಣದಾಗಿದೆ, ನಿನ್ನ ಹೈಸ್ಕೂಲಿನ ಅಂಗಿಯ ಹಾಗೆ. ಆದರೂ ಸದ್ಯಕ್ಕೆ ಅದನ್ನೇ ತೊಟ್ಟುಕೋ.

ಹದಿನೆಂಟರಂದು ನಿನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ನೀನು ನನ್ನ ಕಡೆ ನೋಡಲಿಲ್ಲ. ನನ್ನ ಸಾಕ್ಷಿ ನೀನು ಕೇಳಿದ್ದೀ. ಆಧಾರವಿಲ್ಲದೆ ಬರೆದಿರಾ ಎಂದು ಸರಕಾರದ ವಕೀಲರು ಕೇಳಿದರು. ಹೌದು ಎಂದೆ. ಬೇರೆ ಮಕ್ಕಳದ್ದೂ ಹೀಗೇ ಬರೆದಿದ್ದೀರಾ ಎಂದರು. ಅದಕ್ಕೂ ಹೌದು. ಇಲಾಖೆಯಿಂದ ನೋಟೀಸು ಬರಬಹುದು. ಬಂದರೆ ಉತ್ತರ ಬರೆಯಲು ನನಗೆ ಬರುತ್ತದೆ.

ಆದರೆ ಬಾಗಿಲ ಹತ್ತಿರ ನಡೆದದ್ದು ನಿನಗೆ ಕಂಡಿರಲಿಕ್ಕಿಲ್ಲ. ಬೊಮ್ಮು ಬಂದದ್ದು ಒಬ್ಬಳೇ, ಬಸ್ಸಿನಲ್ಲಿ. ಯಾರಿಗೂ ಹೇಳಿರಲಿಲ್ಲ. ಸುಜಯರನ್ನೂ ನಂಬದೆ ನೇರ ಗುಮಾಸ್ತರ ಹತ್ತಿರ ಹೋಗಿ, ಇಲ್ಲಿ ಹುಟ್ಟಿದ ದಿನ ಹೇಳುವುದೆಲ್ಲಿ ಎಂದು ಕೇಳಿದ್ದಳಂತೆ. ಕಟಕಟೆಯಲ್ಲಿ ನಿಂತು ಅವಳು ಹೇಳಿದ್ದು ನೀನೂ ಕೇಳಿದೆ: ಬಂದ್ ಬಿಟ್ಟ ದಿನ ಹುಟ್ಟಿದ್ದು, ನನ್ನ ಮನೆಯವರು ಬೋಟು ಇಳಿಸಲು ಹೋಗಿದ್ದರು, ಆ ವರ್ಷವೇ ನಮ್ಮ ಗೋವಿನ ಕೊಟ್ಟಿಗೆ ಬಿದ್ದದ್ದು. ಕೊಟ್ಟಿಗೆ ಬಿದ್ದ ಪಂಚನಾಮೆ ಪಂಚಾಯಿತಿಯಲ್ಲಿ ಸಿಕ್ಕಿತು, ೨೦೦೭ನೇ ಇಸವಿಯದು; ಅದನ್ನು ನೋಡಿ ನ್ಯಾಯಾಲಯ ಆಗಸ್ಟನ್ನು ಒಪ್ಪಿತು. ನಿನ್ನ ಗಂಡನ ಸಾವಿಗೆ ಇವನು ಕಾರಣ ಎಂದು ಗೊತ್ತೇ ಎಂದು ಕೇಳಿದಾಗ ಅವಳು, ಅದನ್ನು ನೀವು ಕೇಳಿದ್ದಲ್ಲ, ಹುಟ್ಟಿದ್ದು ಕೇಳಿದಿರಿ ಎಂದಳು.

ಅವಳು ನಿನ್ನನ್ನು ಕ್ಷಮಿಸಿದಳು ಎಂದು ಮಾತ್ರ ತಿಳಿಯಬೇಡ. ನಾನು ಹಾಗೆ ತಿಳಿದುಕೊಂಡು, ಹೊರಗೆ ಬಂದಾಗ ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಬಸ್ಸಿನಲ್ಲಿ ದುರ್ಗಿಯ ಪಕ್ಕ ಸೀಟು ಖಾಲಿಯಿತ್ತು. ಬೊಮ್ಮು ಹಾರವಾಡದವರೆಗೂ ನಿಂತೇ ಬಂದಳು.

ಈಗ ಆಯಿಯ ವಿಷಯ. ಕೇಸು ದಾಖಲಾಗಿದೆ. ಇವತ್ತು ಬೆಳಿಗ್ಗೆ ಅವಳು ಸ್ಟೇಶನ್ನಿಗೆ ಹಾಜರಾಗಬೇಕಿತ್ತು, ನಾನು ಜೊತೆಗೆ ಹೋಗಿದ್ದೆ. ಜಾಮೀನು ಸಿಕ್ಕಿತು, ನನ್ನ ಹೆಸರು ಕೊಟ್ಟಿದ್ದೇನೆ. ಮುಂದೆ ಏನಾಗುತ್ತದೋ ಸುಜಯರಿಗೂ ಖಚಿತವಿಲ್ಲ. ತಾನಾಗಿ ಒಪ್ಪಿಕೊಂಡವಳಿಗೆ ನ್ಯಾಯಾಲಯ ಕನಿಕರದಿಂದ ನೋಡಬಹುದು ಎನ್ನುತ್ತಾರೆ, ನೋಡದೆಯೂ ಇರಬಹುದು. ನಿನಗೆ ಸುಳ್ಳು ಧೈರ್ಯ ಹೇಳುವುದಿಲ್ಲ.

ಬೆಳಿಗ್ಗೆ ನಾನು ನಿಮ್ಮ ಮನೆ ಮುಟ್ಟಿದಾಗ ದುರ್ಗಿ ತಲೆ ಬಾಚಿಕೊಂಡು, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಕುಳಿತಿದ್ದಳು. ಗಾಯತ್ರಿ ಶಾಲೆಗೆ ಹೋಗುವುದಿಲ್ಲ ಎಂದು ಕಂಬ ತಬ್ಬಿ ನಿಂತಿದ್ದಳು. ನಾವು ಸಂಜೆಯೊಳಗೆ ಬರದಿದ್ದರೆ ಅವಳನ್ನು ಎಲ್ಲಿ ಬಿಡುವುದು ಎಂಬ ಚಿಂತೆ ಮೂವರಿಗೂ ಇತ್ತು. 

ಆಗ ಬಾಗಿಲಲ್ಲಿ ಬೊಮ್ಮು. ಜುಲೈ ಆದ ಮೇಲೆ ಮೊದಲ ಸಲ ನಿಮ್ಮ ಅಂಗಳಕ್ಕೆ ಬಂದಿದ್ದಳಂತೆ. ಹೊಸ್ತಿಲು ದಾಟಲಿಲ್ಲ. ದುರ್ಗಿ ಎದ್ದು ನಿಂತಳು, ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಬೊಮ್ಮು ಗಾಯತ್ರಿಗೆ, ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮಲ್ಲಿಗೇ ಬಾ, ಗಂಜಿ ಇರುತ್ತದೆ ಎಂದಳು. ಗಾಯತ್ರಿ ಕಂಬ ಬಿಟ್ಟಳು. ಆಮೇಲೆ ಬೊಮ್ಮು ಹಿಂದಿರುಗಿ ಎರಡು ಹೆಜ್ಜೆ ಹೋದವಳು ನಿಂತು, ನನ್ನ ಕಡೆ ತಿರುಗಿದಳು. ನೀನು ಯಾವತ್ತು ಹೊರಗೆ ಬರುತ್ತೀಯೋ ಆ ದಿನಕ್ಕೆ ಇದನ್ನು ಇಟ್ಟುಕೋ:

"ಅವಂಗೆ ಬರೀರಿ ಅಕ್ಕೋರೇ. ಬಿಟ್ಟ ದಿನ ಬಸ್ಸಿಂದ ಇಳ್ದು ನಡ್ಕಂಡೇ ಬರ್ಲಿ. ಹಿಂದಿನ ದಾರಿಂದ ಬೇಡ, ನಮ್ಮ ಬಾಗ್ಲ ಮುಂದಿಂದ ಬರ್ಲಿ."